ಹೃದಯ ನಿಂತಾಗ ಮೊದಲ ಹತ್ತು ನಿಮಿಷ: ಉನ್ನತ ಹೃದಯ ಜೀವರಕ್ಷಣಾ ತರಬೇತಿ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

2025ರ ಡಿಸೆಂಬರ್ ತಿಂಗಳಿನಲ್ಲಿ ಗೋವಾದಿಂದ ದೆಹಲಿಗೆ ಹೊರಟಿದ್ದ ವಿಮಾನದಲ್ಲಿ ವಿದೇಶಿ ಮಹಿಳೆಯೊಬ್ಬರು ಹಠಾತ್ತನೆ ಕುಸಿದು ಬಿದ್ದರು. ಅವರ ನಾಡಿಮಿಡಿತ ಕೈಗೆ ಸಿಗದಂತಾಯಿತು. ಅದೇ ವಿಮಾನದಲ್ಲಿ ಪ್ರಯಾಣಿಸುತ್ತಿದ್ದ ಖಾನಾಪುರ ಕ್ಷೇತ್ರದ ಮಾಜಿ ಶಾಸಕರೂ ವೈದ್ಯರೂ ಆದ ಡಾ. ಅಂಜಲಿ ನಿಂಬಾಳ್ಕರ್ ಅವರು ಕೂಡಲೇ ಸಿಪಿಆರ್ ನೀಡಿದರು. ಮಹಿಳೆ ಚೇತರಿಸಿಕೊಂಡರು. ಮತ್ತೊಮ್ಮೆ ಅಸ್ವಸ್ಥರಾದಾಗಲೂ ವೈದ್ಯರು ಅವರ ಪಕ್ಕದಲ್ಲಿಯೇ ಇದ್ದು, ವಿಮಾನ ಇಳಿದ ನಂತರ ಆಂಬ್ಯುಲೆನ್ಸ್‌ಗೆ ಒಪ್ಪಿಸಿದರು. ಮಾನ್ಯ ಮುಖ್ಯಮಂತ್ರಿಗಳು ಈ ಕಾರ್ಯವನ್ನು ಬಹಿರಂಗವಾಗಿ ಶ್ಲಾಘಿಸಿದರು.

ಇದೇ ಖಾನಾಪುರ ತಾಲ್ಲೂಕಿನಲ್ಲಿ, 2024ರ ಮಳೆಗಾಲದಲ್ಲಿ, ಭೀಮಗಡ ಅರಣ್ಯದೊಳಗಿನ ಗ್ರಾಮವೊಂದರಲ್ಲಿ ತೀವ್ರ ಅಸ್ವಸ್ಥರಾದ ಮಹಿಳೆಯೊಬ್ಬರನ್ನು ಗ್ರಾಮಸ್ಥರು ತಾವೇ ಕಟ್ಟಿದ ಡೋಲಿಯಲ್ಲಿ ಹೊತ್ತು, ಸುರಿಯುವ ಮಳೆಯಲ್ಲಿ ಕಾಡುದಾರಿ ಸವೆಸಿ, ಆಂಬ್ಯುಲೆನ್ಸ್ ನಿಂತಿದ್ದ ಸ್ಥಳಕ್ಕೆ ತಲುಪಿಸಬೇಕಾಯಿತು.

ಈ ಎರಡು ಘಟನೆಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವಿಮಾನದಲ್ಲಿ ಆಸ್ಪತ್ರೆ ಇರಲಿಲ್ಲ. ಕಲಿತ ಕೈಗಳು ಇದ್ದವು. ಅರಣ್ಯ ಗ್ರಾಮದಲ್ಲಿ ಹೊರಲು ಹಲವು ಹೆಗಲುಗಳಿದ್ದವು; ಆದರೆ ಆಸ್ಪತ್ರೆ ದೂರವಿತ್ತು, ರಸ್ತೆ ಇರಲಿಲ್ಲ. ರಸ್ತೆಯಾಗಲು ವರ್ಷಗಳು ಬೇಕು. ಕೈಗಳಿಗೆ ಕಲಿಸಲು ಅಷ್ಟು ಕಾಲ ಬೇಕಿಲ್ಲ. ಆರೋಗ್ಯ ಸಿಬ್ಬಂದಿಗೆ ನೀಡಲಾಗುವ ಉನ್ನತ ಹೃದಯ ಜೀವರಕ್ಷಣಾ ತರಬೇತಿ, ಅಂದರೆ ಎಸಿಎಲ್‌ಎಸ್, ಎಂದರೇನು, ಅದು ಗ್ರಾಮದ ಮಟ್ಟದಲ್ಲಿ ಏಕೆ ಮುಖ್ಯ, ಅದರ ಪ್ರಯೋಜನ ಜನರಿಗೆ ದೊರೆಯಬೇಕಾದರೆ ಗ್ರಾಮ ಪಂಚಾಯಿತಿಯ ಸದಸ್ಯರು ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ

ಸಾಮಾನ್ಯ ಮಾತಿನಲ್ಲಿ ಇವೆರಡನ್ನೂ ಒಂದೇ ಎಂದು ಭಾವಿಸಲಾಗುತ್ತದೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿ ರಕ್ತಸಂಚಾರ ತಡೆಯಲ್ಪಡುವುದು ಹೃದಯಾಘಾತ. ನೀರಿನ ಕೊಳವೆಯಲ್ಲಿ ಹೂಳು ಕಟ್ಟಿಕೊಂಡಂತೆ ಇದನ್ನು ತಿಳಿಯಬಹುದು. ಈ ಸ್ಥಿತಿಯಲ್ಲಿ ರೋಗಿಗೆ ಪ್ರಜ್ಞೆ ಇರುತ್ತದೆ; ಎದೆಯಲ್ಲಿ ಒತ್ತಡ, ಎಡಗೈ, ಭುಜ ಅಥವಾ ದವಡೆಗೆ ಹರಡುವ ನೋವು, ಬೆವರು, ಉಸಿರಾಟದ ತೊಂದರೆ ಕಾಣಿಸುತ್ತವೆ. ಮಧುಮೇಹಿಗಳಲ್ಲಿ, ವೃದ್ಧರಲ್ಲಿ ಹಾಗೂ ಮಹಿಳೆಯರಲ್ಲಿ ನೋವಿಲ್ಲದೆ ಕೇವಲ ಸುಸ್ತು, ವಾಕರಿಕೆ, ಹೊಟ್ಟೆಯುಬ್ಬರವೂ ಕಾಣಿಸಬಹುದು. ಇದನ್ನು ಗ್ಯಾಸ್ ಎಂದು ತಿಳಿದು ಸೋಡಾ ಕುಡಿಸಿ ಮಲಗಿಸುವುದರಿಂದ ಅಮೂಲ್ಯವಾದ ಕಾಲ ಕಳೆದುಹೋಗುತ್ತದೆ.

ಹೃದಯವು ರಕ್ತವನ್ನು ಪಂಪ್ ಮಾಡುವ ಕೆಲಸವನ್ನೇ ಹಠಾತ್ತನೆ ನಿಲ್ಲಿಸುವುದು ಹೃದಯ ಸ್ತಂಭನ. ವ್ಯಕ್ತಿ ಕುಸಿಯುತ್ತಾನೆ, ಕರೆದರೆ ಓಗೊಡುವುದಿಲ್ಲ, ಉಸಿರಾಟ ನಿಲ್ಲುತ್ತದೆ. ಕೆಲವೊಮ್ಮೆ ತಡೆತಡೆದು ಬಾಯಿ ತೆರೆದು ಏದುವಂತಹ ಚಲನೆ ಕಾಣುತ್ತದೆ. ಅದನ್ನು ಉಸಿರಾಟವೆಂದು ತಿಳಿದು ಸುಮ್ಮನಾಗಬಾರದು. ಹೃದಯ ಸ್ತಂಭನಕ್ಕೆ ಹೃದಯಾಘಾತ ಒಂದು ಮುಖ್ಯ ಕಾರಣವಾದರೂ, ವಿದ್ಯುತ್ ಸ್ಪರ್ಶ, ಸಿಡಿಲು, ನೀರಿನಲ್ಲಿ ಮುಳುಗುವಿಕೆ, ವಿಷಸೇವನೆ, ಹಾವಿನ ಕಡಿತ, ತೀವ್ರ ರಕ್ತಸ್ರಾವಗಳಿಂದಲೂ ಅದು ಉಂಟಾಗಬಹುದು. ಮಲಪ್ರಭೆಯ ದಡದ ಊರುಗಳಿಗೂ, ಪಂಪ್‌ಸೆಟ್ ಇರುವ ಹೊಲಗಳಿಗೂ, ಕಾಡಿನಂಚಿನ ವಾಡಿಗಳಿಗೂ ಈ ಕಾರಣಗಳು ಅಪರಿಚಿತವಲ್ಲ.

ಸಿಪಿಆರ್ ವಿಧಾನದ ಇತಿಹಾಸವೂ ಇದಕ್ಕೆ ಹೊಂದಿಕೊಂಡಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ವಿಲಿಯಂ ಕೋವೆನ್‌ಹೋವನ್, ಜೇಮ್ಸ್ ಜೂಡ್ ಮತ್ತು ಗೈ ನಿಕರ್‌ಬಾಕರ್ ಅವರು ಎದೆಯನ್ನು ತೆರೆಯದೆ ಹೊರಗಿನಿಂದಲೇ ಒತ್ತಿ ರಕ್ತಸಂಚಾರ ನಡೆಸಬಹುದೆಂದು 1960ರಲ್ಲಿ ಪ್ರಕಟಿಸಿದರು. ಇವರಲ್ಲಿ ಮೊದಲನೆಯವರು ವೈದ್ಯರಲ್ಲ, ವಿದ್ಯುತ್ ಎಂಜಿನಿಯರ್. ವಿದ್ಯುತ್ ಆಘಾತದಿಂದ ಲೈನ್‌ಮನ್‌ಗಳು ಸಾಯುವುದನ್ನು ತಡೆಯುವ ಸಂಶೋಧನೆಯಿಂದ ಅವರು ಈ ಕ್ಷೇತ್ರಕ್ಕೆ ಬಂದವರು.

ಮೂಲ ತರಬೇತಿ ಮತ್ತು ಉನ್ನತ ತರಬೇತಿ

ಜೀವರಕ್ಷಣಾ ತರಬೇತಿಗಳಲ್ಲಿ ಹಂತಗಳಿವೆ. ಮೊದಲನೆಯದು ಜನಸಾಮಾನ್ಯರಿಗೆ. ಭಾರತೀಯ ಅರಿವಳಿಕೆ ತಜ್ಞರ ಸಂಘದ ಆಶ್ರಯದಲ್ಲಿ ರೂಪುಗೊಂಡ ಇಂಡಿಯನ್ ರಿಸಸಿಟೇಶನ್ ಕೌನ್ಸಿಲ್ 2017ರಲ್ಲಿ ದೇಶದ ಪರಿಸ್ಥಿತಿಗೆ ತಕ್ಕ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಬಾಯಿಗೆ ಬಾಯಿಟ್ಟು ಉಸಿರು ನೀಡುವ ಅಳುಕಿಲ್ಲದೆ, ಎದೆಯನ್ನು ಒತ್ತುವುದನ್ನು ಮಾತ್ರ ಕಲಿಸುವ ‘ಕೋಲ್ಸ್’ ವಿಧಾನ ಅದರಲ್ಲಿದೆ. ಎರಡನೆಯದು ಬಿಎಲ್‌ಎಸ್ ಎಂಬ ಮೂಲ ಜೀವರಕ್ಷಣೆ. ಇದರಲ್ಲಿ ಎದೆ ಒತ್ತುವಿಕೆಯೊಂದಿಗೆ ಉಸಿರು ನೀಡುವುದು ಹಾಗೂ ಎಇಡಿ ಎಂಬ ವಿದ್ಯುತ್ ಆಘಾತ ಯಂತ್ರದ ಬಳಕೆ ಸೇರಿವೆ. ಮೂರನೆಯದೇ ಎಸಿಎಲ್‌ಎಸ್. ಇದು ವೈದ್ಯರು, ಶುಶ್ರೂಷಾಧಿಕಾರಿಗಳು, ಆಂಬ್ಯುಲೆನ್ಸ್ ತಂತ್ರಜ್ಞರು ಮುಂತಾದ ಆರೋಗ್ಯ ವೃತ್ತಿಪರರಿಗೆ ಮಾತ್ರ.

ಎಸಿಎಲ್‌ಎಸ್ ತರಬೇತಿಯು ಸಾಮಾನ್ಯವಾಗಿ ಎರಡು ದಿನಗಳದು. ಅದರಲ್ಲಿ ಉಪನ್ಯಾಸಕ್ಕಿಂತ ಅಭ್ಯಾಸವೇ ಹೆಚ್ಚು. ಮಾನವಾಕೃತಿಯ ಗೊಂಬೆಯ ಮೇಲೆ ತುರ್ತು ಸ್ಥಿತಿಯೊಂದನ್ನು ಸೃಷ್ಟಿಸಿ, ಐದಾರು ಜನರ ತಂಡವನ್ನು ಅದರ ಮುಂದೆ ನಿಲ್ಲಿಸಲಾಗುತ್ತದೆ. ಒಬ್ಬರು ಎದೆ ಒತ್ತುತ್ತಾರೆ, ಒಬ್ಬರು ಉಸಿರಾಟ ನೋಡಿಕೊಳ್ಳುತ್ತಾರೆ, ಒಬ್ಬರು ಯಂತ್ರವನ್ನು, ಒಬ್ಬರು ಔಷಧಿಯನ್ನು, ಒಬ್ಬರು ಸಮಯ ಬರೆದುಕೊಳ್ಳುವುದನ್ನು ನಿರ್ವಹಿಸುತ್ತಾರೆ. ತಂಡದ ನಾಯಕ ಯಾವ ಕೆಲಸಕ್ಕೂ ಕೈ ಹಾಕದೆ ಇಡೀ ಚಿತ್ರವನ್ನು ಗಮನಿಸುತ್ತಾನೆ. ಆದೇಶ ಪಡೆದವರು ಅದನ್ನು ಮರಳಿ ಉಚ್ಚರಿಸಿ, ಮುಗಿದ ಮೇಲೆ ‘ಮುಗಿಯಿತು’ ಎಂದು ಹೇಳಬೇಕು. ಗೊಂದಲದ ಕೋಣೆಯಲ್ಲಿ ಒಂದೇ ಔಷಧಿ ಎರಡು ಬಾರಿ ಹೋಗುವುದನ್ನೂ, ಒಮ್ಮೆಯೂ ಹೋಗದಿರುವುದನ್ನೂ ತಡೆಯುವ ಕ್ರಮವಿದು.

ತರಬೇತಿಯ ತಿರುಳು ಹೃದಯದ ಲಯವನ್ನು ಗುರುತಿಸುವುದು. ಮಾನಿಟರ್ ಪರದೆಯ ಮೇಲಿನ ಗೆರೆಯನ್ನು ನೋಡಿ, ಅದು ವಿದ್ಯುತ್ ಆಘಾತಕ್ಕೆ ಸ್ಪಂದಿಸುವ ಲಯವೋ ಅಲ್ಲವೋ ಎಂದು ಸೆಕೆಂಡುಗಳಲ್ಲಿ ನಿರ್ಧರಿಸಬೇಕು. ಹೃದಯದ ಕೆಳಕೋಣೆಗಳು ಅಸ್ತವ್ಯಸ್ತವಾಗಿ ಅದುರುತ್ತಿದ್ದರೆ ಆಘಾತ ನೀಡಬೇಕು. ಗೆರೆ ಸಮತಟ್ಟಾಗಿದ್ದರೆ ಆಘಾತದಿಂದ ಪ್ರಯೋಜನವಿಲ್ಲ, ಎದೆ ಒತ್ತುವಿಕೆ ಮತ್ತು ಔಷಧಿಯೇ ದಾರಿ. ಅಡ್ರಿನಲಿನ್ ಔಷಧಿಯನ್ನು ಪ್ರತಿ 3ರಿಂದ 5 ನಿಮಿಷಕ್ಕೊಮ್ಮೆ 1 ಮಿಲಿಗ್ರಾಂ ನೀಡಲಾಗುತ್ತದೆ. ಆಘಾತ ನೀಡಿದರೂ ಲಯ ಸರಿಹೋಗದಿದ್ದರೆ ಅಮಿಯೋಡರೋನ್‌ನಂತಹ ಔಷಧಿ ಬಳಸಲಾಗುತ್ತದೆ. ಇವೆಲ್ಲದರ ನಡುವೆ, ಹೃದಯ ನಿಲ್ಲಲು ಕಾರಣವೇನು ಎಂಬುದನ್ನು ತಂಡವು ಹುಡುಕುತ್ತಿರಬೇಕು: ರಕ್ತಸ್ರಾವವೇ, ಆಮ್ಲಜನಕದ ಕೊರತೆಯೇ, ಪೊಟ್ಯಾಸಿಯಂ ಏರುಪೇರೇ, ವಿಷವೇ, ನಾಳದಲ್ಲಿನ ಹೆಪ್ಪೇ ಎಂದು.

ಇಲ್ಲಿ ಸದಸ್ಯರು ಗಮನಿಸಬೇಕಾದ ಅಂಶವೊಂದಿದೆ. ಎಷ್ಟೇ ಉನ್ನತ ತರಬೇತಿಯಾದರೂ ಅದರ ಅಡಿಪಾಯ ಎದೆ ಒತ್ತುವಿಕೆಯೇ. ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ಪ್ರತಿ ಒತ್ತುವಿಕೆಯ ನಂತರ ಎದೆ ಪೂರ್ಣವಾಗಿ ಮೇಲೇಳಲು ಬಿಟ್ಟು, ನಡುವೆ 10 ಸೆಕೆಂಡಿಗಿಂತ ಹೆಚ್ಚು ನಿಲ್ಲಿಸದೆ ಒತ್ತಬೇಕು ಎಂಬ ನಿಯಮ ಆಸ್ಪತ್ರೆಯ ತಜ್ಞರಿಗೂ ಅನ್ವಯಿಸುತ್ತದೆ, ಹೊಲದಲ್ಲಿರುವ ರೈತನಿಗೂ ಅನ್ವಯಿಸುತ್ತದೆ.

ದೂರದ ಲೆಕ್ಕ

ಸಿಪಿಆರ್ ದೊರೆಯದೆ ಕಳೆಯುವ ಪ್ರತಿ ನಿಮಿಷಕ್ಕೆ, ವಿದ್ಯುತ್ ಆಘಾತದಿಂದ ಬದುಕಿಸಬಹುದಾದ ರೋಗಿಯ ಬದುಕುಳಿಯುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ ಎಂಬುದು ವೈದ್ಯಕೀಯ ಮಾರ್ಗಸೂಚಿಗಳು ಒಪ್ಪಿರುವ ಲೆಕ್ಕ. ಹತ್ತು ನಿಮಿಷ ಕಳೆದರೆ ಉಳಿಯುವುದು ಬಹಳ ಕಡಿಮೆ. ಕೂಡಲೇ ಎದೆ ಒತ್ತಲು ತೊಡಗಿದರೆ ಈ ಇಳಿಕೆ ನಿಮಿಷಕ್ಕೆ ಶೇ. 3ರಿಂದ 4ಕ್ಕೆ ತಗ್ಗುತ್ತದೆ.

ಖಾನಾಪುರ ಪಟ್ಟಣದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರ್. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಎಲ್ಲಿಯೂ ನಿಲ್ಲದೆ ಸಾಗಿದರೂ ಅರ್ಧ ಗಂಟೆ ಬೇಕು. ಕಣಕುಂಬಿ, ಜಾಂಬೋಟಿ, ಲೋಂಡಾ, ಗುಂಜಿ ಭಾಗದ ವಾಡಿಗಳಿಗೆ ಆಂಬ್ಯುಲೆನ್ಸ್ ಬರುವುದಕ್ಕೂ ಹೋಗುವುದಕ್ಕೂ ಬೇಕಾಗುವ ಕಾಲ ಇನ್ನೂ ಹೆಚ್ಚು. ಅರಣ್ಯದೊಳಗಿನ ಹಲವು ಕಡೆ ಮೊಬೈಲ್ ಸಂಕೇತವೇ ಇರುವುದಿಲ್ಲ. ಆದ್ದರಿಂದ ಬೆಳಗಾವಿಯ ಆಸ್ಪತ್ರೆಯಲ್ಲಿ ಎಷ್ಟು ನುರಿತ ತಂಡವಿದ್ದರೂ, ಗ್ರಾಮದಲ್ಲಿನ ಮೊದಲ ಹತ್ತು ನಿಮಿಷ ಖಾಲಿ ಹೋದರೆ ಆ ತಂಡದ ಕೈಗೆ ಬರುವುದು ಉಳಿಸಲಾಗದ ರೋಗಿ. ಸರಪಳಿಯ ಬಲ ಅದರ ಅತ್ಯಂತ ದುರ್ಬಲ ಕೊಂಡಿಯ ಬಲವಷ್ಟೇ.

ಇನ್ನೊಂದು ಲೆಕ್ಕವೂ ಉಪಯುಕ್ತ. ಆಂಬ್ಯುಲೆನ್ಸ್ 20 ನಿಮಿಷಗಳಲ್ಲಿ ಬರುತ್ತದೆ ಎಂದುಕೊಂಡರೆ, ಅಲ್ಲಿಯವರೆಗೆ ಸುಮಾರು 2,200 ಬಾರಿ ಎದೆ ಒತ್ತಬೇಕು. ಗಟ್ಟಿಮುಟ್ಟಾದ ವ್ಯಕ್ತಿಯೂ ಎರಡು ನಿಮಿಷಗಳಲ್ಲಿ ದಣಿಯುತ್ತಾನೆ. ದಣಿದದ್ದು ತನಗೆ ತಿಳಿಯುವ ಮೊದಲೇ ಒತ್ತುವ ಆಳ ಕಡಿಮೆಯಾಗಿರುತ್ತದೆ. ಹಾಗಾಗಿ ಪ್ರತಿ ಎರಡು ನಿಮಿಷಕ್ಕೆ ಕೈ ಬದಲಾಯಿಸಬೇಕು. ಊರಿನಲ್ಲಿ ಒಬ್ಬರೇ ಕಲಿತಿದ್ದರೆ ಇದು ಅಸಾಧ್ಯ. ನಾಲ್ವರಿದ್ದರೆ ತಲಾ ಐದು ನಿಮಿಷದ ಕೆಲಸ, ಅದೂ ನಡುವೆ ವಿಶ್ರಾಂತಿಯೊಂದಿಗೆ. ‘ಆಶಾ ಕಾರ್ಯಕರ್ತೆಗೆ ತರಬೇತಿಯಾಗಿದೆ’ ಎಂಬ ಒಂದು ಸಾಲಿನ ವರದಿಯಿಂದ ತೃಪ್ತಿಪಡುವುದು ಏಕೆ ಸಾಲದು ಎಂಬುದು ಇದರಿಂದ ತಿಳಿಯುತ್ತದೆ.

ಹೃದಯ ಜ್ಯೋತಿ ಯೋಜನೆ ಮತ್ತು ತಾಲ್ಲೂಕು ಆಸ್ಪತ್ರೆ

ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ನಿಧನರಾದದ್ದು ನಾಡಿನ ಮನೆಮನೆಯಲ್ಲಿ ಹೃದಯದ ಆರೋಗ್ಯದ ಮಾತನ್ನು ತಂದಿತು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಜಾರಿಗೊಳಿಸಿದೆ. ಎದೆನೋವಿನಿಂದ ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿಯನ್ನು ಅಲ್ಲಿಯೇ ತೆಗೆದು, ಜಯದೇವ ಹೃದ್ರೋಗ ಸಂಸ್ಥೆಯಂತಹ ಕೇಂದ್ರ ಆಸ್ಪತ್ರೆಯ ತಜ್ಞರಿಗೆ ಕಳುಹಿಸಿ, ತೀವ್ರ ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡುವುದು ಇದರ ಸಾರ. ಸಾರ್ವಜನಿಕ ಸ್ಥಳಗಳಲ್ಲಿ ಎಇಡಿ ಅಳವಡಿಸುವುದೂ ಯೋಜನೆಯ ಭಾಗವಾಗಿದೆ.

ಈ ಚುಚ್ಚುಮದ್ದು ದುಬಾರಿಯಾದದ್ದು; ಖಾಸಗಿಯಾಗಿ ಕೊಳ್ಳಲು ಹೋದರೆ ಕೂಲಿ ಕುಟುಂಬವೊಂದಕ್ಕೆ ಸಾಧ್ಯವಾಗದ ಮೊತ್ತ. ನೋವು ಆರಂಭವಾದ ಮೊದಲ ಕೆಲವೇ ಗಂಟೆಗಳಲ್ಲಿ ನೀಡಿದರೆ ಅದರ ಪ್ರಯೋಜನ ಅತಿ ಹೆಚ್ಚು. ತಡವಾದಂತೆ ಕಡಿಮೆಯಾಗುತ್ತ ಹೋಗುತ್ತದೆ. ಇತ್ತೀಚೆಗೆ ಪಾರ್ಶ್ವವಾಯು ಅಥವಾ ತೀವ್ರ ರಕ್ತಸ್ರಾವವಾದವರಿಗೆ ಇದು ಅಪಾಯಕಾರಿಯಾದುದರಿಂದ ವೈದ್ಯರು ಪರೀಕ್ಷಿಸಿಯೇ ನೀಡಬೇಕು.

ಎಸಿಎಲ್‌ಎಸ್ ತರಬೇತಿಯ ಅಗತ್ಯ ಇಲ್ಲಿಯೇ ಹೆಚ್ಚಾಗಿ ಕಾಣುತ್ತದೆ. ಹೃದಯಾಘಾತವಾದ ಮೊದಲ ಗಂಟೆಗಳಲ್ಲಿ ಹಾಗೂ ಹೆಪ್ಪು ಕರಗಿ ರಕ್ತ ಮತ್ತೆ ಹರಿಯತೊಡಗುವ ಹೊತ್ತಿನಲ್ಲಿ ಹೃದಯದ ಲಯ ತಪ್ಪುವ ಸಂಭವವಿರುತ್ತದೆ. ಕೆಲವೊಮ್ಮೆ ಹೃದಯ ಸ್ತಂಭನವೇ ಆಗಬಹುದು. ಆ ಕ್ಷಣದಲ್ಲಿ ಮಾನಿಟರ್‌ನ ಗೆರೆಯನ್ನು ಗುರುತಿಸಿ ಆಘಾತ ನೀಡಬಲ್ಲವರು ಹಾಸಿಗೆಯ ಪಕ್ಕದಲ್ಲಿರಬೇಕು. ರಾತ್ರಿ ಪಾಳಿಯಲ್ಲಿಯೂ ಇರಬೇಕು. ಔಷಧಿ ಬಂದಿದೆ, ಯಂತ್ರ ಬಂದಿದೆ, ಆದರೆ ತರಬೇತಾದವರು ಹಗಲಿನಲ್ಲಿ ಮಾತ್ರ ಇರುತ್ತಾರೆ ಎಂದಾದರೆ ವ್ಯವಸ್ಥೆ ಅರ್ಧವೇ ಆಯಿತು.

ತರಬೇತಿ ಎಲ್ಲಿ, ಎಷ್ಟು ಕಾಲಕ್ಕೆ

ವೈದ್ಯಕೀಯ ಶಿಕ್ಷಣದಲ್ಲಿ ಬೆಳಗಾವಿ ನಗರ ಅದೃಷ್ಟಶಾಲಿ. 1963ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಇಲ್ಲಿದೆ. ಜಿಲ್ಲಾ ಆಸ್ಪತ್ರೆಯನ್ನು ಹೊಂದಿರುವ ಸರ್ಕಾರಿ ಸಂಸ್ಥೆ ಬಿಮ್ಸ್ ಇಲ್ಲಿದೆ. ವೈದ್ಯಕೀಯ ಕಾಲೇಜುಗಳಲ್ಲಿ ಕೌಶಲ ಪ್ರಯೋಗಾಲಯ ಇರಬೇಕೆಂಬುದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ. ಕೇಂದ್ರ ಆರೋಗ್ಯ ಸಚಿವಾಲಯವು 2021ರಲ್ಲಿ ರಾಷ್ಟ್ರೀಯ ತುರ್ತು ಜೀವರಕ್ಷಣಾ ಪಠ್ಯಕ್ರಮವನ್ನು ವೈದ್ಯರು, ಶುಶ್ರೂಷಕರು ಹಾಗೂ ಅರೆವೈದ್ಯಕೀಯ ಸಿಬ್ಬಂದಿಗಾಗಿ ಜಾರಿಗೆ ತಂದಿದೆ. ಹೃದಯ ತುರ್ತುಗಳ ಜೊತೆಗೆ ಅಪಘಾತ, ಪ್ರಸೂತಿ, ವಿಷ ಹಾಗೂ ಹಾವು ಕಡಿತದ ತುರ್ತುಗಳನ್ನೂ ಒಳಗೊಂಡಿರುವುದರಿಂದ ಗ್ರಾಮೀಣ ಆಸ್ಪತ್ರೆಗಳಿಗೆ ಇದು ವಿಶೇಷವಾಗಿ ಹೊಂದುತ್ತದೆ.

ಆದರೆ ತರಬೇತಿಯು ಒಮ್ಮೆ ಪಡೆದು ಕಪಾಟಿನಲ್ಲಿಡುವ ಪ್ರಮಾಣಪತ್ರವಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಶನ್ ನೀಡುವ ಎಸಿಎಲ್‌ಎಸ್ ಪ್ರಮಾಣಪತ್ರದ ಅವಧಿ ಎರಡು ವರ್ಷ. ಮಾರ್ಗಸೂಚಿಗಳೂ ಕಾಲಕಾಲಕ್ಕೆ ಪರಿಷ್ಕೃತವಾಗುತ್ತವೆ. 2020ರ ನಂತರದ ಸಮಗ್ರ ಪರಿಷ್ಕರಣೆ 2025ರ ಅಕ್ಟೋಬರ್‌ನಲ್ಲಿ ಪ್ರಕಟವಾಗಿದೆ. ಕೈಚಳಕವಂತೂ ಅದಕ್ಕಿಂತ ಬೇಗ, ಕೆಲವೇ ತಿಂಗಳುಗಳಲ್ಲಿ ಮಸುಕಾಗುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ದೊಡ್ಡ ತರಬೇತಿ, ನಡುವೆ ಮೂರು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿಯೇ ಅರ್ಧ ಗಂಟೆಯ ಅಣಕು ಅಭ್ಯಾಸ ನಡೆಸುವುದು ಸೂಕ್ತ.

ಗ್ರಾಮ ಪಂಚಾಯಿತಿಗೆ ಇದರಲ್ಲಿ ಏನು ಕೆಲಸ

ಸಂವಿಧಾನದ ಹನ್ನೊಂದನೇ ಅನುಸೂಚಿಯ 23ನೇ ವಿಷಯ ಆರೋಗ್ಯ ಮತ್ತು ನೈರ್ಮಲ್ಯ. ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಅದರಲ್ಲಿ ಸೇರಿವೆ. ವೈದ್ಯರಿಗೆ ಎಸಿಎಲ್‌ಎಸ್ ಕಲಿಸುವುದು ಪಂಚಾಯಿತಿಯ ಕೆಲಸವಲ್ಲ. ಆದರೆ ಕಲಿತವರು ಇದ್ದಾರೆಯೇ ಎಂದು ಕೇಳುವುದು, ಗ್ರಾಮದ ಕೊಂಡಿಯನ್ನು ಗಟ್ಟಿಗೊಳಿಸುವುದು ಖಂಡಿತವಾಗಿ ಪಂಚಾಯಿತಿಯ ಕೆಲಸ. ಮಾನ್ಯ ಸದಸ್ಯರು ಈ ಕೆಳಗಿನ ಅಂಶಗಳನ್ನು ಪರಿಗಣಿಸಬಹುದು.

1. ಪ್ರತಿ ಜನವಸತಿಯಲ್ಲಿ ಕನಿಷ್ಠ ನಾಲ್ವರಿಗೆ ಎದೆ ಒತ್ತುವ ತರಬೇತಿ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ನೀರಗಂಟಿಗಳು, ಸ್ವಸಹಾಯ ಸಂಘದ ಸದಸ್ಯೆಯರು, ಯುವಕ ಮಂಡಳದವರು, ಲೈನ್‌ಮನ್‌ಗಳು, ಪ್ರೌಢಶಾಲೆಯ ಹಿರಿಯ ವಿದ್ಯಾರ್ಥಿಗಳು ಸೂಕ್ತರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಹಾಗೂ ಸಮುದಾಯ ಆರೋಗ್ಯ ಅಧಿಕಾರಿಯ ನೆರವಿನಿಂದ ಅರ್ಧ ದಿನದಲ್ಲಿ ಇದನ್ನು ಕಲಿಸಬಹುದು.

2. ಭಾಷೆ. ಖಾನಾಪುರ ತಾಲ್ಲೂಕಿನ ಅನೇಕ ಗ್ರಾಮಗಳಲ್ಲಿ ಮನೆಮಾತು ಮರಾಠಿ. ಗಾಬರಿಯ ಕ್ಷಣದಲ್ಲಿ ನೆನಪಿಗೆ ಬರುವುದು ಮನೆಮಾತೇ. ತರಬೇತಿಯ ಮಾತು ಕಲಿಯುವವರಿಗೆ ತಿಳಿಯುವಂತೆ ಇರಲಿ.

3. ಆಂಬ್ಯುಲೆನ್ಸ್ ತಲುಪುವ ಸ್ಥಳದ ನಿಗದಿ. 108 ಸೇವೆಯು ರಾಜ್ಯದಲ್ಲಿ 2008ರ ನವೆಂಬರ್ 1ರಿಂದ ನಡೆಯುತ್ತಿದೆ. ಮಳೆಗಾಲದಲ್ಲಿ ವಾಹನ ಎಲ್ಲಿಯವರೆಗೆ ಬರಬಲ್ಲದು, ಅಲ್ಲಿಗೆ ರೋಗಿಯನ್ನು ತರುವವರು ಯಾರು, ಡೋಲಿ ಅಥವಾ ಸ್ಟ್ರೆಚರ್ ಎಲ್ಲಿದೆ, ಮೊಬೈಲ್ ಸಂಕೇತ ಸಿಗುವ ಸ್ಥಳ ಯಾವುದು ಎಂಬುದನ್ನು ಮೇ ತಿಂಗಳೊಳಗೆ ಪ್ರತಿ ವಾಡಿಗೂ ಬರೆದಿಡಬೇಕು.

4. ಎಇಡಿ ಅಳವಡಿಕೆ. ಕಕ್ಕೇರಿಯಂತಹ ದೊಡ್ಡ ಜಾತ್ರೆಯ ಊರು, ಅಸೋಗಾದಂತಹ ನದಿತೀರದ ಕ್ಷೇತ್ರ, ಲೋಂಡಾದಂತಹ ರೈಲು ಜಂಕ್ಷನ್, ವಾರದ ಸಂತೆಗಳು ಜನ ಸೇರುವ ಸ್ಥಳಗಳು. ಯಂತ್ರವು ತಾನೇ ಲಯವನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಮಾತ್ರ ಆಘಾತ ನೀಡುವುದರಿಂದ ತರಬೇತಾದ ಸಾಮಾನ್ಯ ವ್ಯಕ್ತಿಯೂ ಬಳಸಬಲ್ಲ. ಆದರೆ ಅದರ ಬ್ಯಾಟರಿ ಮತ್ತು ಅಂಟುಪಟ್ಟಿಗಳಿಗೆ ಅವಧಿ ಇರುತ್ತದೆ. ಉದ್ಘಾಟನೆಯಾದ ಮೇಲೆ ಕೆಟ್ಟು ನಿಂತ ಶುದ್ಧ ನೀರಿನ ಘಟಕಗಳನ್ನು ಸದಸ್ಯರು ಕಂಡಿದ್ದಾರೆ, ಎಇಡಿ ಹಾಗಾಗಬಾರದು. ತಿಂಗಳಿಗೊಮ್ಮೆ ಪರಿಶೀಲಿಸುವ ಹೊಣೆಯನ್ನು ಹೆಸರಿಟ್ಟು ಒಬ್ಬರಿಗೆ ವಹಿಸದೆ ಖರೀದಿಗೆ ಮುಂದಾಗಬಾರದು. ಬೀಗ ಹಾಕಿದ ಕೋಣೆಯಲ್ಲಿ ಇಡಬಾರದು.

5. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರ್ಪಡೆ. ‘ಆರೋಗ್ಯಕರ ಗ್ರಾಮ’ ಆಶಯದಡಿ ಈ ತರಬೇತಿಯನ್ನು ಚಟುವಟಿಕೆಯಾಗಿ ಸೇರಿಸಿ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಯ ಮೂಲಕ ನಡೆಸಬಹುದು.

6. ಕೇಳಬೇಕಾದ ಪ್ರಶ್ನೆಗಳು. ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಸಭೆಗೆ ಆಹ್ವಾನಿಸಿ ಈ ನಾಲ್ಕನ್ನು ಕೇಳುವುದು: ನಮ್ಮ ಆಸ್ಪತ್ರೆಯಲ್ಲಿ ಎಸಿಎಲ್‌ಎಸ್ ಅಥವಾ ತತ್ಸಮಾನ ತರಬೇತಿ ಪಡೆದವರು ಎಷ್ಟು ಮಂದಿ? ಅವರ ತರಬೇತಿ ನವೀಕರಣಗೊಂಡದ್ದು ಯಾವಾಗ? ರಾತ್ರಿ ಪಾಳಿಯಲ್ಲಿ ಅವರಲ್ಲಿ ಒಬ್ಬರಾದರೂ ಇರುತ್ತಾರೆಯೇ? ಇಸಿಜಿ, ಡಿಫಿಬ್ರಿಲೇಟರ್, ಟೆನೆಕ್ಟೆಪ್ಲೇಸ್ ಇಂದು ಬಳಕೆಗೆ ಸಿದ್ಧವಾಗಿವೆಯೇ? ಇವು ಸಿಬ್ಬಂದಿಯ ತಪ್ಪು ಹುಡುಕುವ ಪ್ರಶ್ನೆಗಳಾಗದೆ, ಕೊರತೆಯನ್ನು ಜಿಲ್ಲಾ ಮಟ್ಟಕ್ಕೆ ಬರೆದು ಕಳುಹಿಸಲು ಅವರಿಗೆ ಬಲ ನೀಡುವ ಪ್ರಶ್ನೆಗಳಾಗಲಿ.

ಸಹಾಯ ಮಾಡುವವರಿಗೆ ರಕ್ಷಣೆ

‘ನಾವು ಮುಟ್ಟಿದ ಮೇಲೆ ಸತ್ತರೆ ಕೇಸು ನಮ್ಮ ಮೇಲೆ ಬರುತ್ತದೆ’ ಎಂಬ ಭಯ ಗ್ರಾಮಗಳಲ್ಲಿದೆ. ತುರ್ತು ಸ್ಥಿತಿಯಲ್ಲಿ ಪ್ರತಿಫಲಾಪೇಕ್ಷೆಯಿಲ್ಲದೆ ಸದ್ಭಾವನೆಯಿಂದ ನೆರವಾಗುವವರನ್ನು ರಕ್ಷಿಸಲು ರಾಜ್ಯವು 2016ರಲ್ಲಿ ಗುಡ್ ಸಮರಿಟನ್ ಶಾಸನವನ್ನು ರೂಪಿಸಿದೆ. ರಸ್ತೆ ಅಪಘಾತಗಳಿಗೆ ಸಂಬಂಧಿಸಿದಂತೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು ಇಂತಹುದೇ ರಕ್ಷಣೆ ನೀಡುತ್ತದೆ. ಹೃದಯ ನಿಂತ ವ್ಯಕ್ತಿಗೆ ಸಿಪಿಆರ್‌ನಿಂದ ಪಕ್ಕೆಲುಬಿಗೆ ಪೆಟ್ಟಾಗಬಹುದು, ಪಕ್ಕೆಲುಬು ಕೂಡಿಕೊಳ್ಳುತ್ತದೆ. ಏನೂ ಮಾಡದಿರುವುದರಿಂದ ಆಗುವ ಹಾನಿಗೆ ಪರಿಹಾರವಿಲ್ಲ. ನೀರಿನಲ್ಲಿ ಮುಳುಗಿದವರಿಗೆ ಮತ್ತು ಮಕ್ಕಳಿಗೆ ಎದೆ ಒತ್ತುವಿಕೆಯೊಂದಿಗೆ ಉಸಿರು ನೀಡುವುದೂ ಅಗತ್ಯವೆಂಬುದನ್ನು, ವಿದ್ಯುತ್ ಸ್ಪರ್ಶವಾದವರನ್ನು ವಿದ್ಯುತ್ ಸಂಪರ್ಕ ಕಡಿಯದೆ ಮುಟ್ಟಬಾರದೆಂಬುದನ್ನು ತರಬೇತಿಯಲ್ಲಿ ಒತ್ತಿ ಹೇಳತಕ್ಕದ್ದು.

ಸಿಪಿಆರ್ ನೀಡಿದ ಎಲ್ಲರೂ ಬದುಕುಳಿಯುತ್ತಾರೆ ಎಂದು ಯಾರೂ ಭರವಸೆ ನೀಡಲಾರರು. ಆಸ್ಪತ್ರೆಯ ಹೊರಗೆ ಹೃದಯ ಸ್ತಂಭನವಾದವರಲ್ಲಿ ಹೆಚ್ಚಿನವರು ಉಳಿಯುವುದಿಲ್ಲ ಎಂಬುದು ಮುಂದುವರಿದ ದೇಶಗಳ ಅನುಭವವೂ ಹೌದು. ಆದರೆ ಉಳಿದವರ ಕಥೆಯಲ್ಲಿ ಬಹುತೇಕ ಒಂದು ಸಮಾನ ಅಂಶವಿರುತ್ತದೆ: ಅವರು ಕುಸಿದಾಗ ಪಕ್ಕದಲ್ಲಿದ್ದ ಯಾರೋ ಒಬ್ಬರು ಕಾಯದೆ ಕೈ ಹಾಕಿದ್ದರು. ಬೆಳಗಾವಿಯ ಆಸ್ಪತ್ರೆಯಲ್ಲಿ ಎಸಿಎಲ್‌ಎಸ್ ಕಲಿತ ತಂಡ ಸಿದ್ಧವಾಗಿ ನಿಂತಿರುವುದು ಅಂತಹ ರೋಗಿಗಾಗಿಯೇ. ಅವರನ್ನು ಆ ತಂಡದ ಬಳಿಗೆ ಜೀವಂತವಾಗಿ ತಲುಪಿಸುವ ಕೆಲಸ ಗ್ರಾಮದಲ್ಲಿಯೇ ಆರಂಭವಾಗಬೇಕು. ಮುಂಬರುವ ಗ್ರಾಮ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಒಂದು ಸಾಲಿನ ಸ್ಥಾನ ನೀಡುವುದು ಅದರ ಮೊದಲ ಹೆಜ್ಜೆ.